ಬೆಂಗಳೂರು ಬಿಟ್ಟು ಎಲ್ಲಿಗೆ? ರಾಜ್ಯದ ಮಧ್ಯಮ ಗಾತ್ರದ ನಗರಗಳನ್ನು ತೂಗಿ ನೋಡುವ ಕ್ರಮ

ಬೆಂಗಳೂರು ಸಾಕು ಎಂದು ನಿರ್ಧರಿಸುವುದಕ್ಕೆ ಯಾರಿಗೂ ಮಾರ್ಗದರ್ಶಿ ಬೇಕಾಗಿಲ್ಲ. ಸಂಜೆ ಆರು ಗಂಟೆಯ ಸಿಲ್ಕ್ ಬೋರ್ಡ್ ವೃತ್ತವೇ ಆ ಕೆಲಸ ಮಾಡುತ್ತದೆ. ತೊಡಕು ಶುರುವಾಗುವುದು ಆಮೇಲೆ. ಮೈಸೂರು ಒಳ್ಳೆಯದೋ, ಮಂಗಳೂರೋ, ಹುಬ್ಬಳ್ಳಿಯೋ ಎಂದು ನಾಲ್ಕು ಜನರನ್ನು ಕೇಳಿ ನೋಡಿ: ತಾವು ಓದಿದ ಊರನ್ನು ಹೊಗಳುತ್ತಾರೆ, ಅತ್ತೆಮನೆಯ ಊರನ್ನು ತೆಗಳುತ್ತಾರೆ. ಶ್ರೇಯಾಂಕದ ಪಟ್ಟಿಗಳೂ ಹೆಚ್ಚು ನೆರವಾಗುವುದಿಲ್ಲ. 2016ರ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ದೇಶಕ್ಕೇ ಮೊದಲಿತ್ತು. ಆದರೆ ಆ ಪಟ್ಟಿಯನ್ನು ನೀವು ಬಾಡಿಗೆಗೆ ಹಿಡಿಯಲಿರುವ ಮನೆಯ ಮುಂದಿನ ಮೋರಿಯನ್ನು ನೋಡಿ ಮಾಡಿದ್ದಲ್ಲ.

ನನ್ನ ಅಭಿಪ್ರಾಯದಲ್ಲಿ ಹೋಲಿಸಬೇಕಾದದ್ದು ಎರಡು ಊರುಗಳನ್ನಲ್ಲ, ಎರಡು ಬಡಾವಣೆಗಳಲ್ಲಿ ನಿಮ್ಮ ಮನೆಯವರ ಒಂದು ವಾರ ಹೇಗೆ ಕಳೆಯುತ್ತದೆ ಎಂಬುದನ್ನು. ಅದಕ್ಕೊಂದು ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ಮುಖ್ಯವಾಗಿ ಹಳೇ ಮೈಸೂರು, ಕರಾವಳಿ ಮತ್ತು ಕಿತ್ತೂರು ಕರ್ನಾಟಕದ ನಗರಗಳನ್ನು. ಕಲಬುರಗಿ, ಶಿವಮೊಗ್ಗ, ದಾವಣಗೆರೆ ಅಲ್ಲಲ್ಲಿ ಬರುತ್ತವೆ. ಗಾತ್ರದ ಅಂದಾಜಿಗೆ 2011ರ ಜನಗಣತಿಯ ಲೆಕ್ಕ ನೋಡಿ: ಹುಬ್ಬಳ್ಳಿ-ಧಾರವಾಡ ಸುಮಾರು 9.4 ಲಕ್ಷ, ಮೈಸೂರು ಸುಮಾರು 9 ಲಕ್ಷ, ಕಲಬುರಗಿ 5.3 ಲಕ್ಷ, ಮಂಗಳೂರು ಮತ್ತು ಬೆಳಗಾವಿ ತಲಾ 4.9 ಲಕ್ಷದ ಹತ್ತಿರ, ದಾವಣಗೆರೆ 4.3 ಲಕ್ಷ, ಶಿವಮೊಗ್ಗ 3.2 ಲಕ್ಷ. ಈಗ ಎಲ್ಲವೂ ಬೆಳೆದಿವೆ.

ಹಂತ 1: ಮನೆಯವರೆಲ್ಲ ಕುಳಿತು ಒಂದು ವಾರವನ್ನು ಬರೆಯಿರಿ

ಒಂದು ಹಾಳೆ ಸಾಕು. ಯಾರು ಎಷ್ಟು ದಿನಕ್ಕೊಮ್ಮೆ ಬೆಂಗಳೂರಿನ ಕಚೇರಿಗೆ ಮುಖ ತೋರಿಸಬೇಕು? ಅಪ್ಪ ಅಮ್ಮನಿಗೆ ಯಾವ ವೈದ್ಯರು, ಎಷ್ಟು ತಿಂಗಳಿಗೊಮ್ಮೆ? ಮಗು ಯಾವ ತರಗತಿ, ಇನ್ನೆಷ್ಟು ವರ್ಷಕ್ಕೆ ಪಿಯುಸಿ? ಹಬ್ಬಕ್ಕೆ, ತಿಥಿಗೆ, ಮದುವೆಗೆ ಹೋಗಬೇಕಾದ ಊರು ಯಾವ ದಿಕ್ಕಿನಲ್ಲಿದೆ? ಕೊನೆಯ ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನೆಂಟರೆಲ್ಲ ವಿಜಯಪುರ, ಬಾಗಲಕೋಟೆಯ ಕಡೆ ಇದ್ದು ನೀವು ಮೈಸೂರು ಸೇರಿದರೆ ಪ್ರತಿ ಮದುವೆಗೂ ರಾಜ್ಯದ ಉದ್ದ ಅಳೆಯುತ್ತೀರಿ.

ಈ ಹಾಳೆಯನ್ನು ಮನೆಯ ಹೆಂಗಸರು ಬರೆದರೆ ಉತ್ತಮ. ಗಂಡಸರು ಬರೆದ ಹಾಳೆಯಲ್ಲಿ ಹವಾಮಾನ, ಹೆದ್ದಾರಿ, ಇಂಟರ್‌ನೆಟ್ ವೇಗ ಇರುತ್ತವೆ. ತರಕಾರಿ ಎಲ್ಲಿ ಸಿಗುತ್ತದೆ, ಸಂಜೆ ಏಳರ ನಂತರ ಮಗಳು ಟ್ಯೂಷನ್ನಿನಿಂದ ಹೇಗೆ ಬರುತ್ತಾಳೆ ಎಂಬುದು ಇರುವುದಿಲ್ಲ.

ಹಂತ 2: ಬೆಂಗಳೂರಿನ ದಾರಿಯನ್ನು ಬಾಗಿಲಿನಿಂದ ಬಾಗಿಲಿಗೆ ಅಳೆಯಿರಿ

ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ಬೆಂಗಳೂರಿಗೆ ಹೋಗಲೇಬೇಕೆಂದಿದ್ದರೆ ನಿಮ್ಮ ಪಟ್ಟಿ ಬಹುಮಟ್ಟಿಗೆ ಮೈಸೂರಿಗೇ ನಿಲ್ಲುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ. ಹೆದ್ದಾರಿ ಇದೆ, ದಿನವಿಡೀ ರೈಲುಗಳಿವೆ. ಆದರೆ ಜಾಹೀರಾತಿನ ಒಂದೂವರೆ ಗಂಟೆ ಕೆಂಗೇರಿಯವರೆಗಿನದು. ಕಚೇರಿ ವೈಟ್‌ಫೀಲ್ಡಿನಲ್ಲಿದ್ದರೆ ಉಳಿದ ಅರ್ಧ ಪ್ರಯಾಣ ಆಮೇಲೆ ಶುರು. ಅಂಥವರು ಕೆಂಗೇರಿಯಲ್ಲೇ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿಯುವುದು ಲೇಸು; 2023ರ ಅಕ್ಟೋಬರಿನಿಂದ ಅದು ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನೇರವಾಗಿ ಓಡುತ್ತಿದೆ. ಇನ್ನೊಂದು ಮಾತು: ಆ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬೈಕಿನಲ್ಲೇ ಓಡಾಡುವ ಲೆಕ್ಕ ಹಾಕಿದ್ದರೆ ಸರ್ವಿಸ್ ರಸ್ತೆಯೇ ಗತಿ.

ಹುಬ್ಬಳ್ಳಿ-ಧಾರವಾಡ ನಾಲ್ಕು ನೂರು ಕಿ.ಮೀ.ಗೂ ಸ್ವಲ್ಪ ಹೆಚ್ಚು ದೂರ. 2023ರ ಜೂನಿನಿಂದ ವಂದೇ ಭಾರತ್ ರೈಲಿದೆ, ರಾತ್ರಿ ರೈಲುಗಳೂ ಬಸ್ಸುಗಳೂ ಧಾರಾಳವಾಗಿವೆ. ಬೆಳಗಾವಿಗೂ 2025ರ ಆಗಸ್ಟಿನಲ್ಲಿ ಪ್ರತ್ಯೇಕ ವಂದೇ ಭಾರತ್ ಬಂತು. ತಿಂಗಳಿಗೊಮ್ಮೆ ಹೋಗಿ ಬರಲು ಅಡ್ಡಿಯಿಲ್ಲ, ವಾರಕ್ಕೊಮ್ಮೆ ಎಂದರೆ ಮೈ ಕೇಳುವುದಿಲ್ಲ.

ಮಂಗಳೂರಿನ ದಾರಿಯಲ್ಲಿ ಕಿಲೋಮೀಟರಿಗಿಂತ ಘಾಟಿ ಮುಖ್ಯ. ಮುನ್ನೂರೈವತ್ತು ಕಿ.ಮೀ. ದೂರದ ಊರು ಬೇಸಿಗೆಯಲ್ಲಿ ಒಂದು ರಾತ್ರಿಯ ನಿದ್ರೆ. ಜುಲೈನಲ್ಲಿ ಯಾವಾಗ ತಲುಪುತ್ತೇವೆ ಎಂದು ಯಾರೂ ಹೇಳಲಾರರು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಬುಡದ ಮಣ್ಣು ಜರಿದು ಸಕಲೇಶಪುರ-ಸುಬ್ರಹ್ಮಣ್ಯ ಮಾರ್ಗದಲ್ಲಿ ರೈಲು ನಿಂತಿತು. ಅದೇ ಮಳೆಗಾಲದಲ್ಲಿ ಶಿರಾಡಿಯಲ್ಲೂ ಗುಡ್ಡ ಕುಸಿದು ವಾಹನಗಳು ಚಾರ್ಮಾಡಿ, ಸಂಪಾಜೆಯ ಕಡೆ ಸುತ್ತಿದವು. ಹಾಗಾಗಿ ಮಂಗಳೂರು ಸೇರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ಕೆಲಸವನ್ನು ಫೋನಿನಲ್ಲೇ ಮುಗಿಸುವಂತಿರಬೇಕು, ಇಲ್ಲವೇ ವಿಮಾನದ ಟಿಕೆಟಿಗೆ ದುಡ್ಡು ಎತ್ತಿಡಬೇಕು.

ವಿಮಾನದ ವಿಷಯ ಬಂತಲ್ಲ. ಶಿವಮೊಗ್ಗದಲ್ಲಿ 2023ರಿಂದ, ಕಲಬುರಗಿಯಲ್ಲಿ 2019ರಿಂದ ನಿಲ್ದಾಣಗಳಿವೆ. ನಿಲ್ದಾಣವಿದೆ ಎಂದ ಮಾತ್ರಕ್ಕೆ ನಿಮಗೆ ಬೇಕಾದ ವಿಮಾನವಿರುತ್ತದೆ ಎಂದಲ್ಲ. ಸಣ್ಣ ಊರುಗಳಿಗೆ ವಿಮಾನ ಓಡಿಸಲು ಕೇಂದ್ರ ಸರ್ಕಾರ ತಂದ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸಿಗುವ ನಷ್ಟ ಭರ್ತಿ ಮೂರು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಸೀಟು ತುಂಬದಿದ್ದರೆ ಸೇವೆ ಸದ್ದಿಲ್ಲದೆ ನಿಲ್ಲುತ್ತದೆ. ಸಣ್ಣ ನಿಲ್ದಾಣದ ವೇಳಾಪಟ್ಟಿಯನ್ನು ನೆಚ್ಚಿಕೊಂಡು ಮನೆ ಬದಲಾಯಿಸಬೇಡಿ.

ಹಂತ 3: ನೀರನ್ನು ವಿಚಾರಿಸಿ, ಮಾಲೀಕರನ್ನು ಬಿಟ್ಟು ಉಳಿದವರ ಬಳಿ

ಇದು ಈ ಇಡೀ ಲೇಖನದ ಅತಿ ಮುಖ್ಯ ಹಂತ. "ನೀರಿಗೆ ಏನೂ ತೊಂದರೆ ಇಲ್ಲ" ಎಂಬ ವಾಕ್ಯವನ್ನು ಮನೆ ಮಾಲೀಕರು, ದಲ್ಲಾಳಿಗಳು ಎಲ್ಲ ಊರಿನಲ್ಲೂ ಒಂದೇ ಧಾಟಿಯಲ್ಲಿ ಹೇಳುತ್ತಾರೆ. ಬೆಂಗಳೂರಿನವರಿಗೆ ನೀರಿನ ತೊಂದರೆ ಎಂದರೆ ಟ್ಯಾಂಕರು. ಹುಬ್ಬಳ್ಳಿಯಲ್ಲಿ ಪ್ರಶ್ನೆಯೇ ಬೇರೆ: ಎಷ್ಟು ದಿನಕ್ಕೊಮ್ಮೆ ನಲ್ಲಿ ಬರುತ್ತದೆ? ವಿಶ್ವಬ್ಯಾಂಕಿನ ನೆರವಿನಿಂದ 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಆರಂಭವಾಯಿತು. ಅದು ಹೆಸರು ಮಾಡಿತು. ಇಡೀ ನಗರಕ್ಕೆ ಅದನ್ನು ವಿಸ್ತರಿಸುವ ಕೆಲಸ ಮಾತ್ರ ವರ್ಷಗಳಿಂದ ಎಳೆಯುತ್ತಲೇ ಬಂದಿದೆ. ಆದ್ದರಿಂದ ಒಂದೇ ನಗರದಲ್ಲಿ ಒಂದು ಬೀದಿಯವರು ನಲ್ಲಿಗೆ ಪೈಪ್ ಹಾಕಿ ಗಿಡಗಳಿಗೆ ನೀರು ಬಿಡುತ್ತಿದ್ದರೆ, ಸ್ವಲ್ಪ ಆಚೆಯ ಬೀದಿಯವರು ಕೊಡ, ಬ್ಯಾರೆಲ್ ತುಂಬಿಸಲು ಅಲಾರಾಂ ಇಟ್ಟು ಏಳುವುದುಂಟು. ಮಲಪ್ರಭೆಯ ನವಿಲುತೀರ್ಥ ಜಲಾಶಯ ಹುಬ್ಬಳ್ಳಿ-ಧಾರವಾಡದವರ ಮುಖ್ಯ ಆಸರೆ. ಮಳೆ ಕೈಕೊಟ್ಟ ವರ್ಷ ಸರದಿಯ ಅಂತರ ಇನ್ನಷ್ಟು ಉದ್ದವಾಗುತ್ತದೆ.

ಹಾಗಾಗಿ ಮನೆ ನೋಡಲು ಹೋದಾಗ ಹೀಗೆ ಮಾಡಿ. ಮೊದಲು ಸಂಪಿನ ಮುಚ್ಚಳ ತೆಗೆಸಿ, ಎಷ್ಟು ಲೀಟರಿನದು ಎಂದು ಕೇಳಿ. ಐದು ಜನರ ಮನೆಗೆ ದಿನಕ್ಕೆ 500 ಲೀಟರ್ ಹಿಡಿದರೂ ಆರು ದಿನದ ಸರದಿಗೆ 3,000 ಲೀಟರ್ ಬೇಕು. ಅದರ ಜೊತೆ ಎರಡು ದಿನದ ಹೆಚ್ಚುವರಿ. ಸಂಪು ಎರಡು ಮನೆಗೆ ಸೇರಿ ಒಂದೇ ಆಗಿದ್ದರೆ ಆ ಲೆಕ್ಕವನ್ನು ಇಮ್ಮಡಿ ಮಾಡಿ. ಆಮೇಲೆ ಬೀದಿಯ ಕಿರಾಣಿ ಅಂಗಡಿಗೆ ಹೋಗಿ ಒಂದು ಸೋಪು ಕೊಳ್ಳುತ್ತಾ, "ಹಿಂದಿನ ಸಲ ನೀರು ಯಾವತ್ತು ಬಿಟ್ಟಿದ್ದರು?" ಎಂದು ಕೇಳಿ. "ನೀರು ಬರುತ್ತದೆಯೇ?" ಎಂದು ಕೇಳಿದರೆ ಹೂಂ ಎನ್ನುತ್ತಾರೆ, ಯಾವತ್ತು ಎಂದರೆ ವಾರದ ಹೆಸರು ಬಾಯಿಗೆ ಬರುತ್ತದೆ. ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ವಾಲ್ವ್ ತಿರುಗಿಸುವ ಪಾಲಿಕೆಯ ಸಿಬ್ಬಂದಿ ಸಿಕ್ಕರಂತೂ ಬಿಡಬೇಡಿ. ಯಾವ ಬೀದಿ ಏರಿನಲ್ಲಿದೆ, ಎಲ್ಲಿ ಒತ್ತಡ ಸಾಲದು ಎಂಬುದು ಅವರಷ್ಟು ಯಾವ ಎಂಜಿನಿಯರಿಗೂ ತಿಳಿದಿರುವುದಿಲ್ಲ.

ಮೈಸೂರಿನ ಹಳೆಯ ಬಡಾವಣೆಗಳಾದ ಸರಸ್ವತಿಪುರಂ, ಕುವೆಂಪುನಗರ, ಒಂಟಿಕೊಪ್ಪಲುಗಳಿಗೆ ಕಾವೇರಿ-ಕಬಿನಿಯ ನೀರಿದೆ. ಹೊರವರ್ತುಲ ರಸ್ತೆಯಾಚೆಯ ಹಲವು ಖಾಸಗಿ ಬಡಾವಣೆಗಳು ಕೊಳವೆಬಾವಿಯನ್ನು ನಂಬಿವೆ. ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಹೊಪ್ಪಳೆ ನೋಡಿದರೆ ನೀರಿನ ಗಡಸು ತಿಳಿಯುತ್ತದೆ. ಮಂಗಳೂರಿನಲ್ಲಿ ವಿಚಿತ್ರ ಪರಿಸ್ಥಿತಿ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಊರು ಮೇ ತಿಂಗಳಿನಲ್ಲಿ ತುಂಬೆ ಅಣೆಕಟ್ಟಿನ ಮಟ್ಟವನ್ನು ದಿನಾ ಪತ್ರಿಕೆಯಲ್ಲಿ ನೋಡುತ್ತದೆ. 2019ರಲ್ಲೂ 2023ರಲ್ಲೂ ಬೇಸಿಗೆಯ ಕೊನೆಯಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಬಾವಿ ಇರುವ ಹಳೆಯ ಮನೆ ಸಿಕ್ಕರೆ ಅಲ್ಲಿ ಅದೊಂದು ಭಾಗ್ಯ.

ಹಂತ 4: ಊರನ್ನು ಅದರ ಕೆಟ್ಟ ತಿಂಗಳಿನಲ್ಲಿ ನೋಡಿ

ಡಿಸೆಂಬರಿನಲ್ಲಿ ನೋಡಿದರೆ ಕರ್ನಾಟಕದ ಯಾವ ಊರೂ ಚೆನ್ನ. ಕಲಬುರಗಿಯನ್ನು ಮೇ ಮಧ್ಯಾಹ್ನ ನೋಡಬೇಕು, ಉಷ್ಣಾಂಶ 40 ಡಿಗ್ರಿ ದಾಟಿದಾಗ ಆ ಮನೆಯ ಮೇಲಿನ ಮಹಡಿಯಲ್ಲಿ ಒಂದು ಗಂಟೆ ಕುಳಿತು. ಬೆಳಗಾವಿಯನ್ನು ಜುಲೈನಲ್ಲಿ ನೋಡಿ, ಬಿಸಿಲು ಕಾಣದ ದಿನಗಳು ನಿಮಗೆ ಹಿಡಿಸುತ್ತವೆಯೇ ತಿಳಿಯುತ್ತದೆ. ಸುವರ್ಣ ವಿಧಾನಸೌಧದ ಅಧಿವೇಶನ ನಡೆಯುವ ಡಿಸೆಂಬರಿನಲ್ಲಿ ಮಾತ್ರ ಅಲ್ಲಿಗೆ ಹೋಗಬೇಡಿ, ತಂಗಲು ಕೋಣೆ ಸಿಗುವುದಿಲ್ಲ. ಮೈಸೂರಿನ ಕೆಟ್ಟ ತಿಂಗಳು ಹವಾಮಾನದ್ದಲ್ಲ, ದಸರೆಯದು.

ಮಂಗಳೂರಿಗೆ ಎರಡು ಸಲ ಹೋಗಬೇಕು: ಏಪ್ರಿಲ್ ಕೊನೆಗೆ ಸೆಖೆಗೆ, ಜುಲೈಗೆ ಮಳೆಗೆ. ಘಟ್ಟದ ಮೇಲಿನಿಂದ ಹೋದವರಿಗೆ ಅಲ್ಲಿನ ಮಳೆಗಿಂತ ತೇವ ಹೆಚ್ಚು ಕಾಡುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಕಪಾಟಿನೊಳಗಿನ ಚರ್ಮದ ಚಪ್ಪಲಿ, ಬೆಲ್ಟುಗಳಿಗೆ ಬೂಸು ಹಿಡಿಯುತ್ತದೆ. ಫ್ಲ್ಯಾಟ್ ನೋಡುವಾಗ ಕಪಾಟಿನ ಹಿಂದಿನ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ಮೇಲಿನ ಮಹಡಿಯಾದರೆ ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸಿದ್ದಾರೆಯೇ ಕೇಳಿ. ಹಾಕಿಸದ ಕಟ್ಟಡದಲ್ಲಿ ಮಳೆಗಾಲಕ್ಕೆ ಸೋರಿಕೆ, ಬೇಸಿಗೆಗೆ ಕಾವು, ಎರಡೂ ನಿಮ್ಮ ಪಾಲಿಗೆ.

ಮಣ್ಣನ್ನೂ ನೋಡಿ, ಮುಖ್ಯವಾಗಿ ಕೊಳ್ಳುವ ಯೋಚನೆ ಇದ್ದವರು. ಹುಬ್ಬಳ್ಳಿಯ ಬಹುಭಾಗ ಎರೆಮಣ್ಣಿನ ನೆಲ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಡಿಪಾಯ ಸರಿಯಾಗಿ ಹಾಕದ ಮನೆಯ ಗೋಡೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಹೊಸದಾಗಿ ಬಣ್ಣ ಬಳಿದ ಹಳೆಯ ಮನೆಯಲ್ಲಿ ಆ ಮೂಲೆಗಳನ್ನೇ ಮೊದಲು ನೋಡಿ. ಇಪ್ಪತ್ತು ಕಿ.ಮೀ. ಆಚೆಯ ಧಾರವಾಡ ಮಲೆನಾಡಿನ ಸೆರಗು. ಅಲ್ಲಿ ಕೆಮ್ಮಣ್ಣಿನ ಭಾಗ ಹೆಚ್ಚು, ಮಳೆಯೂ ತುಸು ಹೆಚ್ಚು, ಗದ್ದಲ ಕಡಿಮೆ. ಎರಡರ ನಡುವೆ ಬಸ್ಸಿಗೆಂದೇ ಮೀಸಲಾದ ಬಿಆರ್‌ಟಿಎಸ್ ಮಾರ್ಗದಲ್ಲಿ ಚಿಗರಿ ಬಸ್ಸುಗಳು ಓಡುವುದರಿಂದ ಒಂದರಲ್ಲಿ ದುಡಿದು ಇನ್ನೊಂದರಲ್ಲಿ ಬಾಳುವುದು ಸಾಧ್ಯ. ನನ್ನನ್ನು ಕೇಳಿದರೆ ಹುಬ್ಬಳ್ಳಿಯಲ್ಲಿ ಅಂಗಡಿ, ಧಾರವಾಡದಲ್ಲಿ ಮನೆ.

ಹಂತ 5: ಎರಡನೆಯ ಕೆಲಸ ಹುಡುಕಿ

ಮೊದಲ ಕೆಲಸ ಹೇಗೂ ಇದೆ, ಅಥವಾ ಮನೆಯಿಂದಲೇ ಮಾಡುತ್ತೀರಿ. ಅದು ಹೋದ ದಿನ ಅದೇ ಊರಿನಲ್ಲಿ ಇನ್ನೊಂದು ಸಿಗುತ್ತದೆಯೇ? ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಇನ್ನೊಬ್ಬರಿಗೆ? ಬೆಂಗಳೂರಿನಲ್ಲಿ ಈ ಚಿಂತೆಯೇ ಬರುವುದಿಲ್ಲ, ಮಧ್ಯಮ ನಗರಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ನಿಮ್ಮ ಹುದ್ದೆಯ ಹೆಸರಿನಲ್ಲಿ ಆ ಊರಿನ ಉದ್ಯೋಗ ಪ್ರಕಟಣೆಗಳನ್ನು ಒಂದು ತಿಂಗಳು ಗಮನಿಸಿ. ಒಂದೂ ಕಾಣದಿದ್ದರೆ ಅದೂ ಒಂದು ಉತ್ತರ.

ಸ್ಥೂಲವಾಗಿ ಹೇಳುವುದಾದರೆ ಐ.ಟಿ.ಯವರಿಗೆ ಮೈಸೂರು, ಮಂಗಳೂರು. ಬ್ಯಾಂಕು, ವೈದ್ಯಕೀಯ, ಬಂದರು, ಪೆಟ್ರೋಲಿಯಂ ವಲಯದವರಿಗೆ ಮಂಗಳೂರು. ರೈಲ್ವೆ, ಸಗಟು ವ್ಯಾಪಾರದವರಿಗೆ ಹುಬ್ಬಳ್ಳಿ. ವಕೀಲರಿಗೆ, ಅಧ್ಯಾಪಕರಿಗೆ ಧಾರವಾಡ (ಹೈಕೋರ್ಟ್ ಪೀಠ, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ ಎಲ್ಲ ಅಲ್ಲೇ). ಎರಕ ಮತ್ತು ಯಂತ್ರಭಾಗಗಳ ಕಸುಬಿನವರಿಗೆ ಬೆಳಗಾವಿಯ ಉದ್ಯಮಬಾಗ. ಕಲಬುರಗಿಯಲ್ಲಿ ಸರ್ಕಾರಿ ನೌಕರಿ ಹುಡುಕುವವರು ಸಂವಿಧಾನದ 371(ಜೆ) ವಿಧಿಯನ್ನು ನೆನಪಿಡಬೇಕು: ಮೀಸಲು ಅಲ್ಲಿನ ಸ್ಥಳೀಯರಿಗೆ, ನಿನ್ನೆ ಹೋಗಿ ನೆಲೆಸಿದವರಿಗಲ್ಲ.

ಹಂತ 6: ಆಸ್ಪತ್ರೆ, ಶಾಲೆ, ಬಸ್ಸು

ಆಸ್ಪತ್ರೆಯ ವಿಷಯದಲ್ಲಿ ಮಂಗಳೂರಿಗೆ ಸಾಟಿಯಿಲ್ಲ. ಊರಿನ ಒಳಗೂ ಸುತ್ತಲೂ ವೈದ್ಯಕೀಯ ಕಾಲೇಜುಗಳೇ ಅರ್ಧ ಡಜನ್ನಿನಷ್ಟಿವೆ. ಬೆಳಗಾವಿಗೆ ಕೆಎಲ್ಇ, ಹುಬ್ಬಳ್ಳಿಗೆ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡಕ್ಕೆ ಎಸ್‌ಡಿಎಂ, ದಾವಣಗೆರೆಗೆ ಜೆಜೆಎಂ ಇವೆ. ಹೃದಯಕ್ಕೆ ಜಯದೇವ ಸಂಸ್ಥೆ ಮೈಸೂರಿನಲ್ಲೂ ಕಲಬುರಗಿಯಲ್ಲೂ ಇದೆ. ಹೆಸರುಗಳ ಪಟ್ಟಿ ನೋಡಿ ತೃಪ್ತರಾಗಬೇಡಿ. ಅಪ್ಪನ ಕಾಯಿಲೆ ಮೂತ್ರಪಿಂಡದ್ದಾದರೆ ಆ ತಜ್ಞರು ವಾರಕ್ಕೆ ಎಷ್ಟು ದಿನ ಕುಳಿತುಕೊಳ್ಳುತ್ತಾರೆ, ರಾತ್ರಿ ಎರಡಕ್ಕೆ ನಿಮ್ಮ ಬಡಾವಣೆಯಿಂದ ಅಲ್ಲಿಗೆ ಎಷ್ಟು ನಿಮಿಷ ಎಂದು ವಿಚಾರಿಸಿ.

ಪಿಯುಸಿಗೆ ಬಂದ ಮಕ್ಕಳಿದ್ದರೆ ಕರಾವಳಿಯ ಕಡೆ ಮನಸ್ಸು ಓಡುವುದು ಸಹಜ: 2024 ಮತ್ತು 2025ರ ದ್ವಿತೀಯ ಪಿಯುಸಿ ಫಲಿತಾಂಶದ ಮೊದಲೆರಡು ಸ್ಥಾನ ದಕ್ಷಿಣ ಕನ್ನಡ ಮತ್ತು ಉಡುಪಿಯವೇ. ಆದರೆ ಹತ್ತನೆಯ ತರಗತಿಯ ನಡುವೆ ಮಗುವನ್ನು ಕಿತ್ತು ನೆಡಬೇಡಿ, ಒಂದು ವರ್ಷ ತಡೆಯಿರಿ.

ಬಸ್ಸಿನಲ್ಲಿ ಒಂದು ವ್ಯತ್ಯಾಸ ಅನೇಕರಿಗೆ ಹೋದ ಮೇಲೆ ಗೊತ್ತಾಗುತ್ತದೆ. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಸರ್ಕಾರಿ ಬಸ್ಸುಗಳಿಗೆ ಮಾತ್ರ. ಮೈಸೂರಿನ ನಗರ ಸಾರಿಗೆ ಕೆಎಸ್‌ಆರ್‌ಟಿಸಿಯದು. ಮಂಗಳೂರಿನಲ್ಲಿ ಹೆಚ್ಚಿನವು ಖಾಸಗಿ ಸಿಟಿ ಬಸ್ಸುಗಳು. ಅವು ಬಿಡದೆ ಓಡಾಡುತ್ತವೆ, ಚಾಲಕರ ಅವಸರವೂ ಪ್ರಸಿದ್ಧ, ಆದರೆ ಟಿಕೆಟ್ ಕೊಳ್ಳಲೇಬೇಕು. ದಿನಾ ಓಡಾಡುವ ಇಬ್ಬರು ಹೆಂಗಸರಿರುವ ಮನೆಗೆ ಅದು ತಿಂಗಳ ಲೆಕ್ಕದಲ್ಲಿ ಎದ್ದು ಕಾಣುವ ಮೊತ್ತ.

ಹಂತ 7: ಉಳಿತಾಯದ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿ

ಬಾಡಿಗೆ ಕಡಿಮೆಯಾಗುತ್ತದೆ ಎಂಬುದು ಎಲ್ಲರ ಮೊದಲ ವಾದ. ಒಂದು ಮಾದರಿ ನೋಡೋಣ. ಬೆಂಗಳೂರಿನಲ್ಲಿ 28,000 ರೂಪಾಯಿ ಬಾಡಿಗೆ ಇತ್ತು, ಹೊಸ ಊರಿನಲ್ಲಿ 16,000 ಎಂದುಕೊಳ್ಳಿ. ಉಳಿದದ್ದು 12,000. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿ ಒಂದೊಂದು ರಾತ್ರಿ ತಂಗಿದರೆ 6,000. ಮೆಟ್ರೊ ಇಲ್ಲದ ಊರಿನಲ್ಲಿ ಮನೆಗೆ ಎರಡನೆಯ ಸ್ಕೂಟರು ಬೇಕು, ಅದರ ಕಂತು, ಪೆಟ್ರೋಲು 3,500. ಕೈಯಲ್ಲಿ ನಿಂತದ್ದು 2,500. ಕೇಂದ್ರ ಸರ್ಕಾರಿ ನೌಕರರಾದರೆ ಇನ್ನೊಂದು ಕಡಿತವಿದೆ. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮನೆ ಬಾಡಿಗೆ ಭತ್ಯೆ ಬೆಂಗಳೂರಿಗೆ ಶೇ 30. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗೆ ಶೇ 20. ಶಿವಮೊಗ್ಗ, ದಾವಣಗೆರೆಗೆ ಶೇ 10. ಮೂಲ ವೇತನ 60,000 ಇದ್ದವರಿಗೆ ಮೈಸೂರಿನಲ್ಲಿ ತಿಂಗಳಿಗೆ 6,000, ದಾವಣಗೆರೆಯಲ್ಲಿ 12,000 ಖೋತಾ. ಉಳಿತಾಯ ಮೈನಸ್ ಆಯಿತು. ಹಾಗೆಂದು ಹೋಗಬಾರದು ಎಂದಲ್ಲ. ದುಡ್ಡು ಉಳಿಸಲು ಹೋಗುತ್ತಿದ್ದೇವೆ ಎಂಬ ಸುಳ್ಳನ್ನು ಮನೆಯಲ್ಲಿ ಹೇಳಬಾರದು ಅಷ್ಟೆ. ದಿನಕ್ಕೆ ಎರಡು ಗಂಟೆ ಉಳಿಯುತ್ತದೆ ಎಂದರೆ ಅದೇ ಸಾಕಾದಷ್ಟು ಕಾರಣ.

ಹಂತ 8: ಹನ್ನೊಂದು ತಿಂಗಳು ಬಾಡಿಗೆಗಿರಿ, ಆಮೇಲೆ ನಿವೇಶನದ ಮಾತು

ಬಾಡಿಗೆ ಮನೆ ಹುಡುಕುವಾಗ ಜಾತಿ, ಊಟದ ಪ್ರಶ್ನೆ ಬಂದೇ ಬರುತ್ತದೆ. ಮಹಾನಗರದಲ್ಲಿ ಸುತ್ತಿ ಬಳಸಿ ಕೇಳುವುದನ್ನು ಇಲ್ಲಿ ನೇರವಾಗಿ ಕೇಳುತ್ತಾರೆ. ಒಂದು ಬೀದಿಯಲ್ಲಿ ಸುಳ್ಳು ಹೇಳಿ ಸೇರಿಕೊಂಡು ದಿನಾ ಕಿಟಕಿ ಮುಚ್ಚಿ ಅಡುಗೆ ಮಾಡುವುದಕ್ಕಿಂತ ಇನ್ನೆರಡು ಬೀದಿ ಅಲೆಯುವುದು ಮೇಲು. ಮಂಗಳೂರಿನಲ್ಲಿ ತುಳು, ಬೆಳಗಾವಿಯಲ್ಲಿ ಮರಾಠಿ ನೆರೆಹೊರೆಯ ಮಾತಾಗಿರಬಹುದು. ಕನ್ನಡದಲ್ಲಿ ವ್ಯವಹಾರ ಎಲ್ಲೂ ನಿಲ್ಲುವುದಿಲ್ಲ, ಆದರೆ ಕಟ್ಟೆಯ ಮೇಲಿನ ಹರಟೆಗೆ ಸೇರಬೇಕಾದರೆ ನಾಲ್ಕು ಮಾತು ಕಲಿಯಬೇಕು.

ಹೊಸಬರು ಬಂದಿದ್ದಾರೆಂದು ತಿಳಿದ ಕೂಡಲೇ ನಿವೇಶನ ಮಾರುವವರು ಬಾಗಿಲಿಗೆ ಬರುತ್ತಾರೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವವರೆಗೆ ಮುಂಗಡ ಕೊಡಬೇಡಿ. ಕೊಳ್ಳುವ ಹೊತ್ತಿಗೆ ಭೂಪರಿವರ್ತನೆಯ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ, ಇ-ಖಾತಾ, ಋಣಭಾರ ಪತ್ರ, ಹೊಸ ಬಡಾವಣೆಯಾದರೆ ರೇರಾ ಸಂಖ್ಯೆ, ಇಷ್ಟನ್ನೂ ಸ್ಥಳೀಯ ವಕೀಲರೊಬ್ಬರಿಗೆ ತೋರಿಸಿ. ಮಾರುವವರು ತಾವೇ ಗೊತ್ತುಮಾಡಿಕೊಟ್ಟ ವಕೀಲರು ಬೇಡ. ಪಂಚಾಯಿತಿ ವ್ಯಾಪ್ತಿಯ ನಿವೇಶನಕ್ಕೆ ನಮೂನೆ 9 ಮತ್ತು 11ಎ ಇರಬೇಕು. ಅನುಮೋದನೆಯಿಲ್ಲದ ನಿವೇಶನಗಳಿಗೆ ಕೊಡುವ 11ಬಿ ತೋರಿಸಿದರೆ ಚಹಾ ಕುಡಿದು ಎದ್ದುಬನ್ನಿ.

ಸಾಮಾನು ಸಾಗಿಸುವ ಮೊದಲು ಮುಗಿಸಬೇಕಾದ ಚಿಲ್ಲರೆ ಕೆಲಸಗಳೂ ಇವೆ. ಗೃಹಜ್ಯೋತಿ ಪಡೆಯುತ್ತಿದ್ದರೆ ಹಳೆಯ ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಯಿಂದ ನಿಮ್ಮ ಆಧಾರ್ ಬಿಡಿಸಿ, ಇಲ್ಲದಿದ್ದರೆ ಹೊಸ ಮನೆಗೆ ಜೋಡಣೆಯಾಗುವುದಿಲ್ಲ. ಮತದಾರರ ಪಟ್ಟಿಗೆ ನಮೂನೆ 8, ಅಡುಗೆ ಅನಿಲ ಸಂಪರ್ಕದ ವರ್ಗಾವಣೆ, ಪಡಿತರ ಚೀಟಿಯ ವಿಳಾಸ. ಶಾಲೆಯ ವರ್ಗಾವಣೆ ಪತ್ರಕ್ಕೆ ಮಾರ್ಚ್ ಕೊನೆಯಲ್ಲೇ ಅರ್ಜಿ ಕೊಡಿ. ಮೇ ತಿಂಗಳಿನಲ್ಲಿ ಕಚೇರಿಯ ಗುಮಾಸ್ತರು ರಜೆಯ ಮೇಲಿರುತ್ತಾರೆ, ಲಾರಿಯವರೂ ಹೆಚ್ಚು ಕೇಳುತ್ತಾರೆ.